ಮೂರು ಪೊಟ್ಟಣ ಕುಸುಬಿ ಎಸಳು, ಮೂರು ಕರ್ಚೀಫು

ನನ್ನ ಮನೆ ಟೆರೇಸಿನ ತಂತಿ ಮೇಲೆ ಮೂರು ಕರ್ಚೀಫು ಒಣಗುತ್ತಿವೆ. ಮೂರೂ ಒಂದೇ ಥಾನಿನ ಬಿಳಿ ಹತ್ತಿ ಬಟ್ಟೆಯಿಂದ ಕತ್ತರಿಸಿದ್ದು. ಮೂರಕ್ಕೂ ಹಾಕಿದ್ದು ತಲಾ 50 ಗ್ರಾಂ ಕುಸುಬಿ ಹೂವಿನ ಎಸಳು. ಒಂದು, ಹಳೇ ಚಹಾ ಚೆಲ್ಲಿ ಒರೆಸಿದ ಹಾಗಿದೆ. ಇನ್ನೊಂದು ಜಾತ್ರೆ ಜಿಲೇಬಿ ಬಣ್ಣ. ಮೂರನೆಯದು ಗುಲಾಬಿ. ಎಂಥಾ ಗುಲಾಬಿ ಅಂದರೆ, ಪಕ್ಕದ ಮನೆಯವರು ಗೋಡೆ ಮೇಲಿಂದ ಇಣುಕಿ "ಯಾವ ಅಂಗಡೀದು?" ಅಂತ ಕೇಳಿದರು.

ಒಂದೇ ಗಿಡದ ಹೂವು, ಒಂದೇ ತೂಕ, ಒಂದೇ ನಲ್ಲಿ ನೀರು. ಬಣ್ಣ ಮಾತ್ರ ಮೂರು ತರ. ಈ ಮೂರು ಪೊಟ್ಟಣಗಳ ಕತೆ ಬರೆದಿಡೋಣ ಅನ್ನಿಸಿತು. ಯಾಕಂದರೆ ನಾನು ಕೊಳ್ಳುವ ಮೊದಲು ಹುಡುಕಿದಾಗ ಸಿಕ್ಕ ವಿಮರ್ಶೆಗಳೆಲ್ಲ "ಪ್ಯಾಕಿಂಗ್ ಚೆನ್ನಾಗಿದೆ, ಬೇಗ ಬಂತು" ಅನ್ನುವಷ್ಟಕ್ಕೇ ನಿಂತಿದ್ದವು. ಬಣ್ಣ ಬಂತಾ ಇಲ್ವಾ ಅಂತ ಒಬ್ಬರೂ ಹೇಳಿರಲಿಲ್ಲ.

ನಾನು ಬಣ್ಣದ ಪಂಡಿತೆ ಏನಲ್ಲ. ವಾರಕ್ಕೆ ಐದು ದಿನ ಬ್ಯಾಂಕಿನಲ್ಲಿ ಕೂತು ಬೇರೆಯವರ ಲೆಕ್ಕ ನೋಡುತ್ತೇನೆ. ಭಾನುವಾರ ಟೆರೇಸಿನಲ್ಲಿ ಬಕೀಟು, ಗಂಜಿ ಬಟ್ಟೆ, ಪಟಿಕ ಇಟ್ಟುಕೊಂಡು ಕೂರುತ್ತೇನೆ. ದಾಳಿಂಬೆ ಸಿಪ್ಪೆ, ಈರುಳ್ಳಿ ಸಿಪ್ಪೆ, ಚೆಂಡುಹೂವು, ಎಲ್ಲ ಆಯಿತು. ಕುಸುಬಿ ಮಾತ್ರ ಇನ್ನೂ ಕೈಗೆ ಹತ್ತಿರಲಿಲ್ಲ. ನವಲಗುಂದ ತಾಲೂಕಿನಲ್ಲಿ ಹುಟ್ಟಿದವಳಿಗೆ ಇದು ನಾಚಿಕೆ ವಿಷಯ.

ನಮ್ಮ ಎರೆ ಹೊಲದಲ್ಲಿ ಹಿಂಗಾರಿ ಜೋಳಕ್ಕೂ ಕಡಲೆಗೂ ಸುತ್ತ ನಾಲ್ಕು ಸಾಲು ಕುಸುಬಿ ಇರುತ್ತಿತ್ತು. ಮುಳ್ಳಿನ ಗಿಡ, ದನ ಒಳಗೆ ಕಾಲಿಡುತ್ತಿರಲಿಲ್ಲ. ಬೇಲಿಯೂ ಆಯಿತು, ಬೆಳೆಯೂ ಆಯಿತು. ಎಳೇ ಸೊಪ್ಪನ್ನು ರೊಟ್ಟಿ ಜೊತೆ ಹಸಿಯಾಗೇ ತಿನ್ನುತ್ತಿದ್ದೆವು. ಬೀಜ ಗಾಣಕ್ಕೆ ಹೋಗಿ ಎಣ್ಣೆ ಆಗುತ್ತಿತ್ತು. ಉಳಿದ ಬೀಜ ರುಬ್ಬಿ ಹಾಲು ತೆಗೆದು ಅವ್ವ ಗೋಧಿ ಹುಗ್ಗಿಗೆ ಹಾಕುತ್ತಿದ್ದಳು. ಎಲೆ, ಕಾಳು, ಮುಳ್ಳು, ಎಲ್ಲಕ್ಕೂ ಉಪಯೋಗ ಇತ್ತು. ಹೂವನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಅದು ಸುಮ್ನೆ ಅರಳಿ, ಒಣಗಿ, ಗಾಳಿಗೆ ಉದುರಿ ಹೋಗುತ್ತಿತ್ತು. ವಿಚಿತ್ರ ಏನಂದರೆ, ವಿಜ್ಞಾನದ ಹೆಸರಿನಲ್ಲಿ ಈ ಗಿಡ ಕಾರ್ಥಾಮಸ್ ಟಿಂಕ್ಟೋರಿಯಸ್. ಟಿಂಕ್ಟೋರಿಯಸ್ ಅಂದರೆ ಬಣ್ಣಗಾರರದ್ದು ಅಂತ ಅರ್ಥ. ಎಣ್ಣೆಗಾರರದ್ದು ಅಂತಲ್ಲ.

ಪೊಟ್ಟಣಗಳಿಗೆ ಬರುವ ಮೊದಲು ಒಂದು ವಿಷಯ ಹೇಳಲೇಬೇಕು. ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥ ಆಗಲ್ಲ. ಕುಸುಬಿ ಎಸಳಿನಲ್ಲಿ ಎರಡು ಬಣ್ಣ ಇವೆ. ಒಂದು ಹಳದಿ. ಅದು ತಣ್ಣೀರಲ್ಲೇ ಕರಗುತ್ತದೆ. ಒಣ ಎಸಳಿನ ತೂಕದಲ್ಲಿ ನೂರಕ್ಕೆ 20ರಿಂದ 30 ಪಾಲು ಅದೇ ಇರುತ್ತದೆ. ಇನ್ನೊಂದು ಕೆಂಪು, ಹೆಸರು ಕಾರ್ಥಾಮಿನ್. ಅದು ನೂರಕ್ಕೆ ಅರ್ಧ ಪಾಲಿನ ಆಸುಪಾಸು, ಹೆಚ್ಚುಕಮ್ಮಿ 0.3ರಿಂದ 0.6. ಅಂದರೆ ನನ್ನ 50 ಗ್ರಾಂ ಎಸಳಿನಲ್ಲಿ ಕೆಂಪು ಇರುವುದು ಒಂದು ಚಿಟಿಕೆ ಉಪ್ಪಿನಷ್ಟು. ಆ ಚಿಟಿಕೆಗಾಗಿಯೇ ಹಿಂದಿನವರು ಈ ಗಿಡ ಬೆಳೆದದ್ದು. ಸಂಸ್ಕೃತ ಕವಿಗಳು ಕುಸುಂಭ ಬಣ್ಣದ ಸೀರೆ ಅಂತ ಬರೆದದ್ದು ಆ ಚಿಟಿಕೆಯ ಬಗ್ಗೆ.

ಆ ಕೆಂಪು ಬರೀ ನೀರಿಗೆ ಜಗ್ಗುವುದಿಲ್ಲ. ಸೋಡಾ ಅಥವಾ ಬೂದಿ ನೀರಲ್ಲಿ ಬಿಡುತ್ತದೆ. ಆಮೇಲೆ ಹುಳಿ ಹಾಕಿದರೆ ನೀರನ್ನು ಬಿಟ್ಟು ಬಟ್ಟೆಗೆ ಹತ್ತುತ್ತದೆ. ಬಣ್ಣ ಹಿಡಿಸಲು ಹತ್ತಿ ಬಟ್ಟೆಗೆ ಪಟಿಕವೂ ಬೇಡ. ಹಳದಿಯದು ಉಲ್ಟಾ. ಅದು ಬರೀ ಹತ್ತಿಗೆ ನಿಲ್ಲುವುದೇ ಇಲ್ಲ, ಎರಡು ಸಲ ಜಾಲಾಡಿದರೆ ಹೋಯಿತು. ರೇಷ್ಮೆಗಾದರೆ ಹತ್ತುತ್ತದೆ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಎರಡನೇ ಪೊಟ್ಟಣದಲ್ಲಿ ಕೆಲಸಕ್ಕೆ ಬರುತ್ತದೆ.

ಮೊದಲ ಪೊಟ್ಟಣ ಆನ್‌ಲೈನಿನಲ್ಲಿ ತರಿಸಿದ್ದು. 100 ಗ್ರಾಂಗೆ 340 ರೂಪಾಯಿ. ಕಂದು ಕಾಗದದ ಚೀಲ, ಮೇಲೆ ಕಿಟಕಿ, ಚೆಂದದ ಅಕ್ಷರ. "ಹರ್ಬಲ್ ಟೀ" ಅಂತ ಬರೆದಿತ್ತು. ಚಿತ್ರ ಮಾತ್ರ ಕೇಸರಿಯದು, ನೇರಳೆ ಹೂವು ಸಮೇತ! ಕುಸುಬಿ ಹೂವು ಹೇಗಿರುತ್ತೆ ಅಂತ ಆ ಚಿತ್ರ ಹಾಕಿದವರಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತೆ.

ಬಿಚ್ಚಿದೆ. ಒಣಹುಲ್ಲಿನ ವಾಸನೆ, ಸ್ವಲ್ಪ ಹಳೇ ಎಣ್ಣೆಯ ಘಾಟು. ಎಸಳು ಇಟ್ಟಿಗೆ ಪುಡಿ ಬಣ್ಣ. ಬೆರಳಲ್ಲಿ ತಿಕ್ಕಿದರೆ ಪುಡಿ ಪುಡಿ. ತಟ್ಟೆಗೆ ಸುರಿದು ಆರಿಸಿದಾಗ ಎಲೆಯ ಮುಳ್ಳಿನ ತುದಿ, ಹೊಟ್ಟು, ಮೂರು ಕಾಳು ಸಿಕ್ಕವು. ಆ ಮೂರು ಕಾಳೇ ಸಾಕ್ಷಿ ಹೇಳಿದವು. ಕಾಳು ಬಲಿತ ಮೇಲೆ, ಗಿಡ ಪೂರ್ತಿ ಒಣಗಿದ ಮೇಲೆ, ರಾಶಿ ಮಾಡುವಾಗ ಉದುರಿದ ಎಸಳನ್ನು ಗುಡಿಸಿ ತುಂಬಿದ್ದು ಇದು. ಕಣದ ಕಸ ಅನ್ನಿ. ಹೂವು ಅರಳಿ ತಿಂಗಳ ಮೇಲೆ ಬಿಸಿಲು ತಿಂದಿರುತ್ತದೆ. ಕುಸುಬಿ ಕೆಂಪಿಗೆ ಬಿಸಿಲು ಅಂದರೆ ಆಗದು. ಬಣ್ಣ ಗಿಡದ ಮೇಲೇ ಅರ್ಧ ಸತ್ತು ಹೋಗಿರುತ್ತದೆ.

ನೀರಲ್ಲಿ ನೆನೆಸಿದರೆ ಕಂದು ಹಳದಿ. ಸೋಡಾ ನೀರಲ್ಲಿ ಹಿಸುಕಿದರೆ ಕಾಫಿ. ನಿಂಬೆ ಹುಳಿ ಹಿಂಡಿದಾಗ ಕೆಂಪು ಆಗಬೇಕಿತ್ತು. ಆಗಲಿಲ್ಲ. ರಾತ್ರಿಯೆಲ್ಲ ಇಟ್ಟ ಕರ್ಚೀಫು ಬೆಳಿಗ್ಗೆ ಚಹಾ ಕಲೆಯ ಬಣ್ಣ. ಟೀ ಮಾಡಿಯೂ ನೋಡಿದೆ, ಹೆಸರು ಹಾಗೆ ಇತ್ತಲ್ಲ. ರುಚಿ ಕೇಳಬೇಡಿ.

ಇನ್ನೊಂದು ವಿಷಯಕ್ಕೆ ನಿಜವಾಗಿ ಸಿಟ್ಟು ಬಂತು. ಚೀಲದ ಹಿಂದೆ ಗರ್ಭಿಣಿಯರಿಗೆ ಒಳ್ಳೇದು ಅಂತ ಬರೆದಿತ್ತು. ಕೇಸರಿ ಬಗ್ಗೆ ಜನ ಹೇಳುವ ಮಾತನ್ನು ಎತ್ತಿ ಕುಸುಬಿಗೆ ಅಂಟಿಸಿದ್ದಾರೆ. ಚೀನಾದ ವೈದ್ಯದಲ್ಲಿ ಈ ಹೂವನ್ನು ಶತಮಾನಗಳಿಂದ ಬಳಸುತ್ತಾರೆ. ರಕ್ತದ ಓಡಾಟ ಹೆಚ್ಚಿಸುವುದಕ್ಕೆ ಅಂತ ಕೊಡುತ್ತಾರೆ. ಅದೇ ಕಾರಣಕ್ಕೆ ಗರ್ಭಿಣಿಯರಿಗೆ ಬೇಡ ಅನ್ನುತ್ತಾರೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರೂ ಡಾಕ್ಟರನ್ನು ಕೇಳದೆ ಕುಡಿಯಬಾರದು. ಮಾರಾಟಗಾರರಿಗೆ ಬರೆದೆ. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಅಂತ ಉತ್ತರ ಬಂತು, ಅಷ್ಟೇ.

ಎರಡನೇ ಪೊಟ್ಟಣ ಬೆಂಗಳೂರಿನ ಹಳೇ ಪೇಟೆ ಕಡೆಯ ಒಂದು ಗ್ರಂಧಿಗೆ ಅಂಗಡಿಯದು. ಅಲ್ಲಿ ಇದರ ಹೆಸರು "ಕೇಸರಿ ಹೂವು". 50 ಗ್ರಾಂಗೆ 90 ರೂಪಾಯಿ. ಕೇಸರಿ ಅಂತ ಕರೆದು 90 ರೂಪಾಯಿಗೆ 50 ಗ್ರಾಂ ಕೊಟ್ಟರೆ ಅದು ಕೇಸರಿ ಅಲ್ಲ ಅಂತ ಮಕ್ಕಳಿಗೂ ಗೊತ್ತು. ಆದರೆ ಗೊತ್ತಿಲ್ಲದೆ ಪಾಯಸಕ್ಕೆ ಹಾಕುವವರು ಬಹಳ ಜನ ಇದ್ದಾರೆ. ಗುರುತು ಹಿಡಿಯುವುದು ಸುಲಭ. ಒಂದು ಎಳೆಯನ್ನು ನೀರಲ್ಲಿ ಬಿಡಿಸಿ ನೋಡಿ. ಕುಸುಬಿಯದು ಸಣ್ಣ ಕೊಳವೆ, ತುದಿಯಲ್ಲಿ ಐದು ಸೀಳು. ನಿಜವಾದ ಕೇಸರಿ ಎಳೆ ತುದಿಗೆ ಹೋಗುತ್ತಾ ಕಹಳೆ ಹಾಗೆ ಅಗಲ ಆಗುತ್ತದೆ, ಐದು ಸೀಳು ಇರುವುದಿಲ್ಲ.

ಅದಿರಲಿ. ನಾನು ಕುಸುಬಿ ಅಂತಲೇ ಕೊಂಡೆ. ನೋಡುವುದಕ್ಕೆ ಭಾರೀ ಚೆಂದ. ಎಲ್ಲ ಎಸಳೂ ಒಂದೇ ಕಡು ಕಿತ್ತಳೆ. ಒಂದೇ ಬಣ್ಣ! ಅಲ್ಲೇ ನನಗೆ ಹೊಟ್ಟೆಯಲ್ಲಿ ಏನೋ ಚುಚ್ಚಿತು. ಹೊಲದಲ್ಲಿ ಬೆಳೆದ ಯಾವ ಹೂವೂ ಸಮವಸ್ತ್ರ ಹಾಕಿಕೊಂಡಿರುವುದಿಲ್ಲ. ತಣ್ಣೀರಿಗೆ ಹಾಕಿದ ಕ್ಷಣಕ್ಕೇ ಕಿತ್ತಳೆ ಬಣ್ಣ ಹೊಗೆಯ ಹಾಗೆ ಬಿಟ್ಟಿತು. ಸೋಡಾ ಇಲ್ಲ, ಹುಳಿ ಇಲ್ಲ, ಪಟಿಕ ಇಲ್ಲ. ಸುಮ್ನೆ ಹತ್ತಿ ಕರ್ಚೀಫು ಅದ್ದಿದೆ. ಹಿಡಿದುಕೊಂಡಿತು. ಸೋಪು ಹಾಕಿ ಒಗೆದೆ. ಹೋಗಲಿಲ್ಲ. ಮತ್ತೆ ಒಗೆದೆ. ಜಿಲೇಬಿ ಹಾಗೇ ಇದೆ.

ಕುಸುಬಿಯ ಹಳದಿ ಬರೀ ಹತ್ತಿಗೆ ನಿಲ್ಲದು, ಕೆಂಪು ಬರೀ ನೀರಿಗೆ ಬರದು. ಹಾಗಾದರೆ ಇದು ಯಾವುದು? ಮೇಲಿಂದ ಯಾರೋ ಬಣ್ಣ ಬಳಿದಿದ್ದಾರೆ ಅಂತ ನನ್ನ ಅನುಮಾನ. ಪ್ರಯೋಗಶಾಲೆಗೆ ಕಳಿಸಿಲ್ಲ, ಹಾಗಾಗಿ ಆಣೆ ಮಾಡುವುದಿಲ್ಲ. ಆದರೆ ನಮ್ಮ ಮನೆಯ ಪಾಯಸಕ್ಕೆ ಹಾಕುವುದಿಲ್ಲ. ಈ ಪೊಟ್ಟಣದ ಬಗ್ಗೆ ಇನ್ನು ಹೇಳುವುದು ಏನೂ ಇಲ್ಲ.

ಮೂರನೆಯದು ಊರ ಕಡೆಯದು. ಅಣ್ಣಿಗೇರಿ ಕಡೆಗೆ ಒಬ್ಬ ರೈತ ದಂಪತಿ ಎರಡು ಎಕರೆ ಕುಸುಬಿ ಹಾಕಿದ್ದಾರೆ, ಎಸಳು ಕೂಡ ಕೊಡುತ್ತಾರೆ ಅಂತ ಅಣ್ಣ ಹೇಳಿದ. ಅಣ್ಣಿಗೇರಿಗೂ ಕುಸುಬಿಗೂ ಹಳೇ ನಂಟು. ಅಲ್ಲಿನ ಕೃಷಿ ಸಂಶೋಧನಾ ಕೇಂದ್ರದಿಂದಲೇ ಎ-1, ಎ-2 ತಳಿಗಳು ಬಂದದ್ದು. ದೇಶದಲ್ಲಿ ಕುಸುಬಿ ಹೆಚ್ಚು ಬೆಳೆಯುವುದು ನಮ್ಮಲ್ಲಿ ಮತ್ತು ಮಹಾರಾಷ್ಟ್ರದಲ್ಲಿ. ಅಲ್ಲಿನ ಫಲಟಣದ ನಿಂಬಕರ ಕೃಷಿ ಸಂಶೋಧನಾ ಸಂಸ್ಥೆಯವರು ಮುಳ್ಳಿಲ್ಲದ ತಳಿಗಳನ್ನೂ ತಂದಿದ್ದಾರೆ. ಈ ದಂಪತಿಯದು ಮಾತ್ರ ಮುಳ್ಳಿನದೇ. "ಮುಳ್ಳಿಲ್ಲದ್ದು ಹಾಕಿದ್ರ ದನಕ್ಕ ಆಮಂತ್ರಣ ಕೊಟ್ಟಂಗ" ಅಂದರು.

ಫೋನಿನಲ್ಲಿ ಮೊದಲ ಪ್ರಶ್ನೆ ಅವರೇ ಕೇಳಿದರು. "ಎಸಳು ಯಾತಕ್ಕ ಬೇಕ್ರಿ? ಕುಡ್ಯಾಕೋ, ಬಣ್ಣಕ್ಕೋ?" ನನಗೆ ಅಷ್ಟರಲ್ಲೇ ಸಮಾಧಾನ ಆಯಿತು. ಎರಡು ಪೊಟ್ಟಣ ಮಾರಿದವರಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ಬಣ್ಣಕ್ಕೆ ಅಂದೆ. "ಹಂಗಾದ್ರ ಮೂರನೇ ದಿನದ್ದು ಕೊಡ್ತೀವಿ" ಅಂದರು.

ಮೂರನೇ ದಿನ ಅಂದರೆ ಏನು ಅಂತ ನೋಡಲೇಬೇಕು ಅನ್ನಿಸಿ, ಜನವರಿಯ ಎರಡನೇ ಶನಿವಾರ ಹೋದೆ. ಎಳ್ಳಮಾಸಿ ಆಸುಪಾಸಿಗೆ ಕುಸುಬಿ ಹೂವು ಹೊತ್ತು ನಿಂತಿರುತ್ತದೆ. ಬೆಳಿಗ್ಗೆ ಆರೂವರೆಗೆ ಹೊಲದಲ್ಲಿದ್ದೆವು. ಚಳಿ, ಇಬ್ಬನಿ, ಕಾಲಿಗೆಲ್ಲ ಎರೆ ಮಣ್ಣು. ರೈತನ ಹೆಂಡತಿ (ನಾನು ಅಕ್ಕ ಅಂತಲೇ ಕರೆದೆ) ಎರಡೂ ಕೈಗೆ ಹಳೇ ಕಾಲುಚೀಲ ತೊಟ್ಟಿದ್ದರು, ಬೆರಳ ತುದಿ ಮಾತ್ರ ಕತ್ತರಿಸಿ. ಅಷ್ಟು ಬೇಗ ಯಾಕೆ ಅಂದರೆ ಇಬ್ಬನಿಯಲ್ಲಿ ಮುಳ್ಳು ಮೆತ್ತಗಿರುತ್ತದೆ. ಹತ್ತು ಗಂಟೆ ಮೇಲೆ ಅದೇ ಮುಳ್ಳು ದಬ್ಬಣ. ಜಪಾನಿನ ಯಮಗಾತ ಸೀಮೆಯಲ್ಲೂ ಕುಸುಬಿಯನ್ನು ಬೆಳಗಿನ ಜಾವವೇ ಕೀಳುತ್ತಾರೆ, ಕಾರಣವೂ ಇದೇ. ಅವರ ಹಂಗಾಮು ಜುಲೈ. ಮುಳ್ಳು ಮಾತ್ರ ಎಲ್ಲಾ ದೇಶದಲ್ಲೂ ಒಂದೇ.

ಅವ್ವ ಸಣ್ಣವಳಿದ್ದಾಗ ನನಗೆ ಹೇಳುತ್ತಿದ್ದ ಮಾತು ಆ ದಿನ ಅರ್ಥ ಆಯಿತು. ಸಣ್ಣವಳು ನಾನು, ಅವ್ವ ಅಲ್ಲ. "ಕುಸುಬಿ ಹೂವು ನಿನ್ನಿ ಹಳದಿ, ಇವತ್ತು ಕೇಸರಿ, ನಾಳಿ ಕಸ" ಅನ್ನುತ್ತಿದ್ದಳು. ಒಂದೇ ಗಿಡದ ಮೇಲೆ ಮೂರೂ ಇದ್ದವು. ನಡುವಿನ ದೊಡ್ಡ ಹೂತಲೆ ಮೊದಲು ಅರಳುತ್ತದೆ. ಆಮೇಲೆ ಟೊಂಗೆಯವು, ಆಮೇಲೆ ಟೊಂಗೆಯ ಟೊಂಗೆಯವು. ಒಂದು ತಲೆಯಲ್ಲೂ ಅಷ್ಟೇ, ಅಂಚಿನ ಹೂವು ಮೊದಲು, ನಡುವಿನದು ಕೊನೆಗೆ. ಹೀಗೆ ಒಂದು ಹೊಲ ಪೂರ್ತಿ ಅರಳಿ ಮುಗಿಯುವುದಕ್ಕೆ ಸುಮಾರು ಒಂದು ತಿಂಗಳು. ಜೋಳದ ಹಾಗೆ ಒಂದೇ ದಿನ ಕೊಯ್ದು ಮನೆಗೆ ಹೋಗುವಂತಿಲ್ಲ. ಎರಡು ಮೂರು ದಿನಕ್ಕೊಮ್ಮೆ ಅದೇ ಸಾಲಿಗೆ ಮತ್ತೆ ಹೋಗಬೇಕು.

ಅರಳಿದ ದಿನ ಎಸಳು ನಿಂಬೆ ಹಳದಿ. ಮರುದಿನ ಬುಡದಲ್ಲಿ ಒಂದು ಕೆಂಪು ಗೆರೆ ಮೂಡುತ್ತದೆ. ಅದು ಮೇಲಕ್ಕೆ ಏರುತ್ತಾ ಹೋಗುತ್ತದೆ. ಮೂರನೇ ದಿನಕ್ಕೆ ಕಿತ್ತಳೆಗೆಂಪು, ತುದಿ ಸ್ವಲ್ಪ ಬಾಡಿರುತ್ತದೆ. ಎಸಳಿನ ಒಳಗೆ ನಡೆಯುವುದು ಇಷ್ಟು: ಎರಡು ಹಳದಿ ತುಂಡು ಜೋಡಿಯಾಗಿ ಕೆಂಪಿನ ಹಿಂದಿನ ರೂಪ ಒಂದು ತಯಾರಾಗಿರುತ್ತದೆ. ಹೂವು ಬಾಡುತ್ತಾ ಬಂದ ಹಾಗೆ, ಗಾಳಿ ತಾಗಿ, ಒಳಗಿನ ಕಿಣ್ವವೊಂದು ಅದನ್ನು ಕಾರ್ಥಾಮಿನ್ ಮಾಡುತ್ತದೆ. ಅಂದರೆ ಕೆಂಪು ಅನ್ನುವುದು ಈ ಹೂವಿನ ಯೌವನದ ಬಣ್ಣ ಅಲ್ಲ, ಮುಪ್ಪಿನ ಬಣ್ಣ. ಎಲ್ಲ ತಳಿಯೂ ಹೀಗೆ ಕೆಂಪಾಗುವುದಿಲ್ಲ. ಕೆಲವು ಹಳದಿಯಾಗೇ ಬಾಡುತ್ತವೆ, ಬಿಳಿ ಹೂವಿನವೂ ಇವೆ. ಬಣ್ಣಕ್ಕೆ ಅಂತ ಕೊಳ್ಳುವವರು ಇದನ್ನೂ ಕೇಳಬೇಕು.

ಆ ಅಕ್ಕ ಕೀಳುವಾಗ ಕಣ್ಣಿಗಿಂತ ಬೆರಳನ್ನು ನಂಬುತ್ತಿದ್ದರು. ಮೂರು ಬೆರಳಲ್ಲಿ ಎಸಳಿನ ಗೊಂಚಲು ಹಿಡಿದು ಮೆಲ್ಲಗೆ ಎಳೆದರೆ ತಾನಾಗಿ ಬರಬೇಕು. ಜಗ್ಗಿದರೆ ಇನ್ನೂ ದಿನ ಬಾಕಿ ಅಂತ. ಮೊದಲ ದಿನವೇ ಕಿತ್ತರೆ ಕಾಳು ಜೊಳ್ಳಾದೀತು ಅನ್ನುವ ಅಂಜಿಕೆ ಅವರಿಗೆ. ಬಾಡಿದ ಮೇಲೆ ಕಿತ್ತರೆ ಕಾಳಿಗೆ ತೊಂದರೆ ಇಲ್ಲ, ಎಸಳೂ ಸಿಕ್ಕಿತು, ಎಣ್ಣೆಯೂ ಸಿಕ್ಕಿತು. ಅದೇ ಎರಡು ದಿನ ಬಿಟ್ಟರೆ ಎಸಳು ಕರ್ರಗಾಗಿ ತಲೆಗೇ ಅಂಟಿ ಕೂರುತ್ತದೆ. ಮಳೆ ಬಿದ್ದರಂತೂ ಮುಗಿಯಿತು. ನಾನು ಒಂದು ತಾಸು ಕಿತ್ತೆ. ನನ್ನ ಬುಟ್ಟಿಯಲ್ಲಿ ಒಂದು ಹಿಡಿ ಎಸಳು, ಬೆರಳಲ್ಲಿ ಏಳು ಮುಳ್ಳು. ಹಸಿ ಎಸಳಿನ ಬಹುಪಾಲು ನೀರೇ, ಒಣಗಿದರೆ ಆ ಹಿಡಿಯೂ ಚಿಟಿಕೆ ಆಗುತ್ತದೆ. 100 ಗ್ರಾಂಗೆ 400 ರೂಪಾಯಿ ಅಂದಾಗ ಮೊದಲು ಜಾಸ್ತಿ ಅನ್ನಿಸಿತ್ತು. ಕಿತ್ತ ಮೇಲೆ ಚೌಕಾಸಿ ಮಾಡುವ ಮುಖ ಉಳಿಯಲಿಲ್ಲ.

ಒಣಗಿಸುವುದು ನೆರಳಲ್ಲಿ. ಪಡಸಾಲೆಯಲ್ಲಿ ಹಳೇ ಸೀರೆ ಹಾಸಿ ತೆಳ್ಳಗೆ ಹರಡಿದ್ದರು.

ಇನ್ನು ಟೆರೇಸಿನ ಕತೆ. 50 ಗ್ರಾಂ ಎಸಳನ್ನು ಮಲ್‌ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ತಣ್ಣೀರಲ್ಲಿ ನೆನೆಸಿದೆ. ಬೆಳಿಗ್ಗೆ ಹಿಸುಕಿದರೆ ಹಳದಿ, ಹಳದಿ, ಹಳದಿ. ನೀರು ಬದಲಿಸಿ ಹಿಸುಕಿದ್ದು ಒಂಬತ್ತು ಸಲ. ಕೊನೆಕೊನೆಗೆ ನೀರಿಗೆ ಒಂದು ಚಮಚ ವಿನೆಗರ್ ಹಾಕಿದೆ, ಕೆಂಪು ಒಳಗೇ ಉಳಿಯಲಿ ಅಂತ. ಆ ಹಳದಿ ನೀರನ್ನು ಚೆಲ್ಲಬೇಡಿ. ಪಟಿಕ ಹಾಕಿದ ರೇಷ್ಮೆಗೆ ಒಳ್ಳೇ ಬೆಣ್ಣೆ ಬಣ್ಣ ಬರುತ್ತದೆ. ನಾನು ಹಳೇ ರೇಷ್ಮೆ ರವಿಕೆ ಒಂದನ್ನು ಅದರಲ್ಲೇ ಅದ್ದಿದೆ.

ಆಮೇಲೆ ಗಂಟನ್ನು ಒಂದು ಲೀಟರ್ ನೀರಿಗೆ ಹಾಕಿ ವಾಷಿಂಗ್ ಸೋಡಾ ಬೆರೆಸಿದೆ, ಕ್ಷಾರ ಅಳೆಯುವ ಪಿಎಚ್ ಪಟ್ಟಿ 10 ದಾಟುವವರೆಗೆ. ಕೈಗೆ ಗ್ಲೌಸ್ ಇರಲಿ. ಅರ್ಧ ತಾಸು ನಾದಿದೆ, ರೊಟ್ಟಿ ಹಿಟ್ಟಿನ ಹಾಗೆ. ನೀರು ಕಂದುಗೆಂಪು ಆಯಿತು. ಇಲ್ಲಿ ತಡ ಮಾಡುವಂತಿಲ್ಲ, ಸೋಡಾದಲ್ಲಿ ಈ ಕೆಂಪು ಹೆಚ್ಚು ಹೊತ್ತು ಬಾಳುವುದಿಲ್ಲ. ಹೋದ ವರ್ಷ ಗೆಳತಿಯೊಬ್ಬಳು ಕೊಟ್ಟ ಎಸಳಿನಲ್ಲಿ ನಾನು ಇದನ್ನು ಒಲೆ ಮೇಲಿಟ್ಟು ಕುದಿಸಿದ್ದೆ, ಬೇರೆ ಎಲ್ಲ ಬಣ್ಣವನ್ನೂ ಕುದಿಸುತ್ತೇವಲ್ಲ ಅಂತ. ಕೆಂಪು ಕಣ್ಣೆದುರೇ ಕಂದಾಗಿ ಹೋಗಿತ್ತು. ಕುಸುಬಿಗೆ ಬಿಸಿ ತೋರಿಸಬೇಡಿ. ಪೂರ್ತಿ ತಣ್ಣೀರ ಕೆಲಸ.

ಕರ್ಚೀಫು ಬಿಟ್ಟೆ. ನಿಂಬೆ ಹಣ್ಣು ಹಿಂಡಲು ಶುರು ಮಾಡಿದೆ. ಬಕೀಟು ಸೋಡಾ ಬಾಟಲಿ ಹಾಗೆ ನೊರೆ ಎದ್ದು ಬುಸುಗುಟ್ಟಿತು. ಐದನೇ ಹಣ್ಣಿಗೆ ಕಂದು ನೀರು ಒಮ್ಮೆಲೇ ಕೆಂಪಾಯಿತು. ಮೆಲ್ಲಗೆ ಅಲ್ಲ, ಯಾರೋ ದೀಪ ಹಾಕಿದ ಹಾಗೆ. ನಾನು ಒಬ್ಬಳೇ ಇದ್ದೆ, ಆದರೂ "ಅಯ್ಯೋ!" ಅಂತ ಜೋರಾಗಿ ಕೂಗಿದೆ. ಬಟ್ಟೆಯನ್ನು ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಬಕೀಟಿನ ನೀರು ತೆಳ್ಳಗಾಗಿತ್ತು, ಕರ್ಚೀಫು ಗುಲಾಬಿ ಆಗಿತ್ತು. ಕಡುಗೆಂಪು ಬೇಕಿದ್ದರೆ ಹೊಸ ಎಸಳು ಹಾಕಿ ಮತ್ತೆ ಮತ್ತೆ ಅದ್ದಬೇಕು, ಬಟ್ಟೆಯ ತೂಕಕ್ಕೆ ಹಲವು ಪಟ್ಟು ಎಸಳು ಬೇಕು. ಹಿಂದೆ ಕುಸುಬಿ ಕೆಂಪು ಉಟ್ಟವರು ಯಾಕೆ ಶ್ರೀಮಂತರು ಅಂತ ಗೊತ್ತಾಯಿತು.

ಹಾಗಂತ ಮೂರನೇ ಪೊಟ್ಟಣಕ್ಕೆ ನೂರಕ್ಕೆ ನೂರು ಅಂಕ ಕೊಡುವುದಿಲ್ಲ. ದೂರುಗಳಿವೆ. ಒಂದು, ಎಸಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಕೊಟ್ಟರು. ನೆರಳಲ್ಲಿ ಒಣಗಿಸಿದ ಶ್ರಮ ಎಲ್ಲ ಆ ಚೀಲ ಹಾಳು ಮಾಡುತ್ತದೆ. ನಾನು ಬಂದ ಕೂಡಲೇ ಸ್ಟೀಲ್ ಡಬ್ಬಿಗೆ ಸುರಿದೆ. ಚೀಲದಲ್ಲಿ ಮುಳ್ಳೂ ಇತ್ತು, ಒಣಗಿದ ಸಸ್ಯಹೇನೂ ಇತ್ತು. ಕುಸುಬಿಗೆ ಹೇನು ಕಾಟ ವಿಪರೀತ, ಹೂ ಬಿಡುವ ಹೊತ್ತಿಗೇ ಮುತ್ತುತ್ತದೆ. ಹೇನು ಕಂಡದ್ದು ನನಗೆ ಒಂದು ರೀತಿ ಖುಷಿಯೇ, ಔಷಧ ಹೊಡೆದಿಲ್ಲ ಅಂತ. ಕೇಳಿದೆ, ಒಮ್ಮೆ ಬೇವಿನೆಣ್ಣೆ ಹೊಡೆದದ್ದು ಬಿಟ್ಟರೆ ಬೇರೆ ಇಲ್ಲ ಅಂದರು. ಕುಡಿಯುವುದಕ್ಕೆ ಕೊಳ್ಳುವವರು ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿ.

ದೊಡ್ಡ ದೂರು ಅಂದರೆ ಬೆರಕೆ. ಮೂರನೇ ದಿನದ್ದು ಅಂತ ಹೇಳಿದರೂ ಚೀಲದಲ್ಲಿ ಹಳದಿ ಎಸಳು ಕಾಲು ಭಾಗ ಇತ್ತು. ಆಳು ಹಚ್ಚಿ ಕೀಳಿಸಿದ ದಿನ ಎಲ್ಲ ತಲೆಯನ್ನೂ ಒಂದೇ ಏಟಿಗೆ ಕಿತ್ತಿದ್ದಾರೆ. ಒಂದು ಭಾನುವಾರ ಪೂರ್ತಿ ಕೂತು ಹಳದಿ ಬೇರೆ, ಕೆಂಪು ಬೇರೆ ಆರಿಸಿದೆ. ಅಕ್ಕಿ ಆರಿಸಿದ ಹಾಗೆ. ಹಳದಿಯಿಂದ ಮಾಡಿದ ಟೀ ಚೆನ್ನಾಗಿತ್ತು, ತಿಳಿ ಬಣ್ಣ, ಹುಲ್ಲಿನ ಸಣ್ಣ ಪರಿಮಳ. ಅನ್ನಕ್ಕೂ ಹಾಕಿದೆ. ಅರಿಶಿಣದ ಘಾಟಿಲ್ಲದ ಹಳದಿ. ಆದರೆ ಅದೇ ಹಳದಿಯಿಂದ ಕೆಂಪು ತೆಗೆಯಲು ಹೋದರೆ, ಬಟ್ಟೆಗೆ ಸಿಕ್ಕಿದ್ದು ತುಟಿಯ ಮಾಸಿದ ಬಣ್ಣ. ಇವು ಎರಡು ಬೇರೆ ಸರಕು. ಒಂದೇ ಚೀಲದಲ್ಲಿ ಹಾಕಿ ಮಾರಿದರೆ ಕುಡಿಯುವವರಿಗೂ ನಷ್ಟ, ಅದ್ದುವವರಿಗೂ ನಷ್ಟ.

ಯಮಗಾತದವರ ಲೆಕ್ಕ ಇನ್ನೂ ಬೇರೆ. ಅವರು ಎಸಳಿನ ಕೆಳಗಿನ ಮೂರನೇ ಒಂದು ಭಾಗ ಕೆಂಪಾದಾಗಲೇ ಕೀಳುತ್ತಾರೆ. ಉಳಿದ ಕೆಲಸ ಮನೆಯಲ್ಲಿ. ಎಸಳು ತೊಳೆದು, ಹಾಸಿ, ನೀರು ಚಿಮುಕಿಸುತ್ತಾ ಎರಡು ಮೂರು ದಿನ ಹುದುಗು ಬರಿಸುತ್ತಾರೆ. ಆಮೇಲೆ ಕುಟ್ಟಿ ಬಿಲ್ಲೆ ತಟ್ಟಿ ಒಣಗಿಸುತ್ತಾರೆ. ಅದಕ್ಕೆ ಬೆನಿಮೋಚಿ ಅಂತ ಹೆಸರು. ಹುದುಗುವಾಗ ಹಳದಿ ಇಳಿದು ಕೆಂಪು ಏರುತ್ತದೆ. ಅಲ್ಲಿ ಇದರಿಂದ ತುಟಿಗೆ ಹಚ್ಚುವ ಬಣ್ಣವನ್ನೂ ಮಾಡುತ್ತಾರೆ. ಪಿಂಗಾಣಿ ಬಟ್ಟಲಲ್ಲಿ ಒಣಗಿದಾಗ ಅದು ಜೀರುಂಡೆ ರೆಕ್ಕೆಯ ಹಾಗೆ ಹಸಿರಾಗಿ ಹೊಳೆಯುತ್ತದಂತೆ, ಒದ್ದೆ ಬೆರಳು ತಾಗಿಸಿದರೆ ಕೆಂಪು. ನಾನು ಹೊಲದಿಂದ ತಂದ ನನ್ನ ಆ ಒಂದು ಹಿಡಿ ಹಸಿ ಎಸಳನ್ನು ಒರಳಲ್ಲಿ ಕುಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ, ಅಡುಗೆಮನೆ ಮೂಲೆಯಲ್ಲಿಟ್ಟೆ. ಮೂರನೇ ದಿನ ಬಿಚ್ಚಿದಾಗ ಕಿತ್ತಳೆ ಹೋಗಿ ಕುಂಕುಮದ ಉಂಡೆ ಆಗಿತ್ತು. ವಾಸನೆ ಮಾತ್ರ ಹಳಸಿದ ಅಂಬಲಿಯದು. ಗಂಡ ಕಿಟಕಿ ತೆಗೆದರು.

ನಮ್ಮಲ್ಲೂ ಈ ವಿದ್ಯೆ ಇತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಆಗಿನ ಭಾರತದ ಢಾಕಾ ಕಡೆಯ ಕುಸುಬಿ ಹೂವು ಇಂಗ್ಲೆಂಡಿಗೆ ಹಡಗಲ್ಲಿ ಹೋಗುತ್ತಿತ್ತು. 1856ರಲ್ಲಿ ಪರ್ಕಿನ್ ಅನ್ನುವ ಇಂಗ್ಲೆಂಡಿನ ರಸಾಯನ ವಿಜ್ಞಾನಿ ರಾಸಾಯನಿಕ ಬಣ್ಣ ಕಂಡುಹಿಡಿದ. ಆಮೇಲೆ ಅಗ್ಗದ ಬಣ್ಣಗಳು ಬಂದು ಹೂವಿನ ವ್ಯಾಪಾರ ಮುಳುಗಿತು, ಕುಸುಬಿ ಬರೀ ಎಣ್ಣೆಕಾಳಾಗಿ ಉಳಿಯಿತು.

ಕೊಳ್ಳುವವರಿಗೆ ಇನ್ನೊಂದು ಮಾತು. ಈ ಗುಲಾಬಿ ಶಾಶ್ವತ ಅಂತ ನಂಬಬೇಡಿ. ಗಟ್ಟಿ ಸೋಪಿಗೆ ಇದು ಬಿಟ್ಟು ಹೋಗುತ್ತದೆ. ಸೋಪಿನ ಕ್ಷಾರ ಅಂದರೆ ನಾವು ಬಣ್ಣ ತೆಗೆದ ಸೋಡಾದ ತಮ್ಮನೇ ಅಲ್ವಾ? ಬಿಸಿಲಿಗೂ ಹೋಗುತ್ತದೆ. ಇದೇ ಬಣ್ಣದ ಒಂದು ತುಂಡನ್ನು ಪರೀಕ್ಷೆಗೆ ಅಂತ ಅರ್ಧ ರಟ್ಟು ಮುಚ್ಚಿ ಕಿಟಕಿಗೆ ಅಂಟಿಸಿದ್ದೆ. ಎರಡು ವಾರಕ್ಕೆ ತೆರೆದ ಅರ್ಧ ಬಿಸ್ಕತ್ತಿನ ಬಣ್ಣ. ಇದನ್ನು ಬರೆಯುತ್ತಿದ್ದಾಗಲೇ ನೆನಪಾಗಿ ಓಡಿ ಹೋಗಿ ತಂತಿಯಿಂದ ಗುಲಾಬಿ ಕರ್ಚೀಫು ಒಳಗೆ ತಂದೆ. ಉಳಿದೆರಡು ಅಲ್ಲೇ ಇರಲಿ.

ಮುಂದಿನ ಹಂಗಾಮಿಗೆ ಅದೇ ದಂಪತಿಗೆ ಹೇಳಿಟ್ಟಿದ್ದೇನೆ. ಅರ್ಧ ಕಿಲೋ, ಎರಡು ಚೀಲದಲ್ಲಿ, ಹಳದಿಯದು ಬೇರೆ, ಬಾಡಿದ ಕೆಂಪಿನದು ಬೇರೆ. ಪ್ಲಾಸ್ಟಿಕ್ ಬೇಡ, ಕಪ್ಪು ಕಾಗದ ನಾನೇ ಕಳಿಸುತ್ತೇನೆ ಅಂದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಬ್ಯಾರೆ ಬ್ಯಾರೆ ಅಂದ್ರ ರೊಕ್ಕ ಜಾಸ್ತಿ ಆಗತೈತಿ ನೋಡ್ರಿ. ಒಂದ ಗಿಡಕ್ಕ ಎರಡು ಸಲ ಹೋಗಬೇಕು. ಮುಳ್ಳೂ ಎರಡು ಸಲ ಚುಚ್ಚತಾವು." ಕಿಲೋಗೆ ಎಷ್ಟು ಅಂತ ಇನ್ನೂ ಹೇಳಿಲ್ಲ. ನಾನೂ ಕೇಳಿಲ್ಲ.